ಅಟ್ಟದ ಚೂರಿ ನೋಡಿಕೊಟ್ಟ ಬಾಯಿಯವರು

ಬಟ್ಟೆಯನ್ನು ನಾಲಿಗೆಯಿಂದ ಪರೀಕ್ಷಿಸುವ ಗಿರಾಕಿಯನ್ನು ನಾನು ಕಂಡದ್ದು ಒಬ್ಬರನ್ನೇ. ಪುಣೆಯ ರವಿವಾರ ಪೇಠೆಯ ನಮ್ಮ ಅಂಗಡಿಗೆ ಅವರು ಮೊದಲ ಸಲ ಬಂದಾಗ ನಾನು ಕಾಲೇಜು ಮುಗಿಸಿ, ಹೆಣ್ಣುಮಗಳಾದರೂ ಅಪ್ಪನ ಪಕ್ಕ ಗಾದಿಯ ಮೇಲೆ ಕೂತು ವ್ಯಾಪಾರ ಕಲಿಯುತ್ತಿದ್ದೆ. ಎತ್ತರದ ಹೆಂಗಸು. ಕೈಯಲ್ಲಿ ಬಳೆ ಇಲ್ಲ, ಗಂಡಸರ ಗಡಿಯಾರವನ್ನು ಮುಖ ಒಳಗಾಗಿ ಕಟ್ಟಿಕೊಂಡಿದ್ದರು. ಮರಾಠಿಯಲ್ಲಿ ಮಾಂಜರಪಾಟ ಕೇಳಿದರು. ಬಿಳುಪು ಮಾಡದ ಒರಟು ಹತ್ತಿಬಟ್ಟೆ ಅದು, ಹೆಚ್ಚಾಗಿ ಗಾದಿ ಹೊಲಿಯುವವರು ಒಯ್ಯುತ್ತಾರೆ. ನಾನು ಬಟ್ಟೆಯ ಥಾನು ಬಿಚ್ಚಿ ಹಾಸಿದೆ. ಅವರು ಅಂಚನ್ನೆತ್ತಿ ಮೂಸಿದರು. ಆಮೇಲೆ ಯಾವ ಸಂಕೋಚವೂ ಇಲ್ಲದೆ ನಾಲಿಗೆಯ ತುದಿಗೆ ತಾಗಿಸಿದರು.

"ಗಂಜಿ ಅದ," ಎಂದು ತಮ್ಮಷ್ಟಕ್ಕೇ ಕನ್ನಡದಲ್ಲಿ ಗೊಣಗಿದರು.

ಅಪ್ಪ ತಲೆಯೆತ್ತಿದರು. "ನೀವು ಧಾರವಾಡದ ಕಡೆಯವರೇನ್ರಿ?"

"ಹೌದ್ರಿ. ಗಂಜಿ ಇಲ್ಲದ್ದು ಸಿಗೂದಿಲ್ಲೇನು ನಿಮ್ಮ ಹತ್ರ?"

"ಸಿಗ್ತದ. ಎದಕ್ಕ ಬೇಕಾಗಿತ್ರಿ?"

"ಕತ್ತಿ ಸುತ್ತಿ ಇಡಾಕ."

ಅಪ್ಪ ನನ್ನ ಮುಖ ನೋಡಿದರು, ನಾನು ಅಪ್ಪನ ಮುಖ ನೋಡಿದೆ. ಆಮೇಲೆ ಅವರೇ ವಿವರಿಸಿದರು. ಊರಿನ ಒಂದು ವಸ್ತುಸಂಗ್ರಹಾಲಯದಲ್ಲಿ ಹಳೆಯ ಆಯುಧಗಳ ವಿಭಾಗ ಅವರ ಸುಪರ್ದಿಯಲ್ಲಿತ್ತು. ಬಟ್ಟೆಯ ಗಂಜಿ ಗಾಳಿಯ ತೇವವನ್ನು ಎಳೆದುಕೊಳ್ಳುತ್ತದೆ, ಆ ತೇವ ಕಬ್ಬಿಣವನ್ನು ತಿನ್ನುತ್ತದೆ. ಯುದ್ಧದಲ್ಲಿ ಮುರಿಯದ ಕತ್ತಿ ಗಂಜಿಯ ಬಟ್ಟೆಯಲ್ಲಿ ಸಾಯುತ್ತದೆ ಎಂದರು. ಅಪ್ಪನಿಗೆ ಆ ಮಾತು ಬಹಳ ಹಿಡಿಸಿತು. ಇಚಲಕರಂಜಿಯ ಮಗ್ಗದವರಿಗೆ ಹೇಳಿ ತೊಳೆದ ಬಟ್ಟೆ ತರಿಸಿಕೊಟ್ಟರು. ಅಂದಿನಿಂದ ಪ್ರತಿ ವರ್ಷ ಮಳೆಗಾಲಕ್ಕೆ ಮುಂಚೆ ಅವರು ನಮ್ಮಲ್ಲಿಗೆ ಬರುವುದು ರೂಢಿಯಾಯಿತು. ಅವರು ಮೊದಲು ಕಾಲೇಜಿನಲ್ಲಿ ಪಾಠ ಹೇಳಿದವರಾದ್ದರಿಂದ ಎಲ್ಲರೂ, ಮರಾಠಿಯಲ್ಲಿ ಶಿಕ್ಷಕಿಯರನ್ನು ಕರೆಯುವ ಹಾಗೆ, ಬಾಯಿ ಎನ್ನುತ್ತಿದ್ದರು. ನಾವೂ ಹಾಗೇ ಕರೆದೆವು.

ಈ ವರ್ಷ ಶ್ರಾವಣದಲ್ಲಿ ಬಾಯಿಯವರು ತೀರಿಕೊಂಡರು. ಅವರ ಹೆಸರನ್ನು ನಾನಿಲ್ಲಿ ಬರೆಯುವುದಿಲ್ಲ. ಬರೆದರೆ ಅವರಿಗೆ ಸರಿಬರುತ್ತಿರಲಿಲ್ಲ. ವಸ್ತುವಿನ ಮುಂದೆ ಇಡುವ ಚೀಟಿಯಲ್ಲಿ ವಸ್ತುವಿನ ಹೆಸರಿರಬೇಕು, ನೋಡಿದವರ ಹೆಸರು ಯಾಕೆ ಎನ್ನುತ್ತಿದ್ದವರು ಅವರು.

ಅವರ ಕೊರಳಲ್ಲಿ ಒಂದು ಕರಿದಾರ ಯಾವಾಗಲೂ ಇರುತ್ತಿತ್ತು. ತುದಿ ಸೆರಗಿನೊಳಗೆ. ಪೇಠೆಯ ಹೆಂಗಸರು ಅದನ್ನು ತಾಳಿಯೆಂದೇ ತಿಳಿದು, ಗಂಡ ಎಲ್ಲಿರುತ್ತಾನೆ ಎಂದು ನನ್ನನ್ನು ಕೇಳುತ್ತಿದ್ದರು. ಬಾಯಿಯವರಿಗೆ ಮದುವೆಯಾಗಿರಲಿಲ್ಲ. ಆ ದಾರದ ತುದಿಯಲ್ಲಿದ್ದದ್ದು ಬೆರಳುಗಾತ್ರದ ಭೂತಗನ್ನಡಿ. ಕೈಚೀಲದಲ್ಲಿ ಒಂದು ಅಯಸ್ಕಾಂತ, ಮಡಿಸಿದ ಕರವಸ್ತ್ರ, ಸಿಪ್ಪೆ ಸಮೇತ ಹುರಿದ ಶೇಂಗಾ. ಇಷ್ಟಿದ್ದರೆ ಅವರು ಎಲ್ಲಿಗೆ ಬೇಕಾದರೂ ಹೊರಡುತ್ತಿದ್ದರು.

ನನ್ನ ತಮ್ಮನ ಮದುವೆಗೂ ಹೀಗೇ ಬಂದಿದ್ದರು. ನಮ್ಮಲ್ಲಿ ಮದುಮಗನ ಕೈಗೆ ತುದಿಗೆ ನಿಂಬೆಹಣ್ಣು ಚುಚ್ಚಿದ ಕಠಾರಿ ಕೊಡುತ್ತಾರೆ. ಅಕ್ಷತೆ ಹಾಕಲು ಹೋದ ಬಾಯಿಯವರು ಅಕ್ಷತೆ ಹಾಕಿದವರೇ ಕಠಾರಿಯನ್ನು ಅವನ ಕೈಯಿಂದ ಇಸಿದುಕೊಂಡರು. ಭೂತಗನ್ನಡಿ ಹೊರಬಂತು. ಹಿಂದೆ ಸಾಲುಗಟ್ಟಿದ ಜನ ಕಾಯುತ್ತ ನಿಂತರು.

"ಇದು ಲಾರಿ ಸ್ಪ್ರಿಂಗಿನ ಪಟ್ಟಿ," ಎಂದರು.

ತಮ್ಮನ ಮುಖ ಸಣ್ಣದಾಯಿತು. ಬಾಡಿಗೆಗೆ ಕೊಟ್ಟವನು ಅದನ್ನು ಪೇಶವೆಯವರ ಕಾಲದ್ದೆಂದು ಹೇಳಿದ್ದ.

"ಬ್ಯಾಸರ ಯಾಕ ಮಾಡ್ಕೋತಿ? ಲಾರಿ ಪಟ್ಟಿ ಎಷ್ಟು ಭಾರ ಹೇರಿದ್ರೂ ಬಾಗ್ತದ, ಮುರಿಯೂದಿಲ್ಲ. ಸಂಸಾರಕ್ಕ ಇದಕ್ಕಿಂತ ಚಲೋ ಕಬ್ಬಿಣ ನಾ ನೋಡಿಲ್ಲ," ಎಂದು ಕಠಾರಿಯನ್ನು ವಾಪಸು ಕೊಟ್ಟು ಊಟಕ್ಕೆ ನಡೆದರು. ನನ್ನ ತಮ್ಮ ಹೆಂಡತಿಯೊಡನೆ ಜಗಳವಾಡಿದಾಗಲೆಲ್ಲ ಈಗಲೂ "ಲಾರಿ ಪಟ್ಟಿ, ಲಾರಿ ಪಟ್ಟಿ" ಎಂದು ತನಗೆ ತಾನೇ ಹೇಳಿಕೊಳ್ಳುತ್ತಾನೆ.

ಬಾಯಿಯವರು ನಿಷ್ಠುರ ಮನುಷ್ಯರು ಎಂದು ಹೇಳುವವರು ಬಹಳ ಮಂದಿ. ಶಿವಾಜಿಯ ಕಾಲದ್ದು ಎಂದು ಮಖಮಲ್ಲಿನಲ್ಲಿ ಸುತ್ತಿ ತಂದವರಿಗೆ, ಇದು ನಿಮಗಿಂತ ಚಿಕ್ಕ ವಯಸ್ಸಿನದು ಎಂದು ಹೇಳಿ ಕಳಿಸುತ್ತಿದ್ದದ್ದು ನಿಜ. ಆದರೆ ಅವರು ತಮ್ಮನ್ನೂ ಬಿಡುತ್ತಿರಲಿಲ್ಲ. ಒಮ್ಮೆ ಅವರ ಉಪನ್ಯಾಸಕ್ಕೆ ಹೋಗಿದ್ದೆ. ಪರದೆಯ ಮೇಲೆ ಒಂದು ಬಾಕಿನ, ಅಂದರೆ ಬಾಗಿದ ಕಿರುಗತ್ತಿಯ, ಚಿತ್ರ ಬಂತು. "ಇದನ್ನ ಬಿಜಾಪುರದ್ದು ಅಂತ ಬರೆದಿಟ್ಟಾರ. ಅಲ್ಲ. ಬರೆದಾಕಿ ನಾನ. ನಮ್ಮ ಕಡೆದ್ದು ಅನ್ನೋ ಪ್ರೀತಿ ಕಣ್ಣಿಗೆ ಅಡ್ಡ ಬಂದಿತ್ತು," ಎಂದರು. ಸಭೆಯಲ್ಲಿ ಯಾರೋ ನಕ್ಕರು. ಅವರು ನಗಲಿಲ್ಲ, ಮುಂದಿನ ಚಿತ್ರಕ್ಕೆ ಹೋದರು.

ಇಂಥವರ ಹತ್ತಿರ ನಮ್ಮ ಮನೆಯ ಚೂರಿಯನ್ನು ಒಯ್ಯಬೇಕಾದ ದಿನ ಬರುತ್ತದೆಂದು ನಾನು ಎಣಿಸಿರಲಿಲ್ಲ. ನಮ್ಮ ಮನೆಯಲ್ಲಿ ಒಂದು ಚೂರಿ ಇದೆ ಎಂಬುದೇ ನನಗೆ ಗೊತ್ತಿರಲಿಲ್ಲ.

ಕೆಲವು ವರ್ಷಗಳ ಹಿಂದೆ ನಾವಿದ್ದ ಹಳೆಯ ವಾಡೆಯನ್ನು ಕೆಡವಿ ಹೊಸ ಕಟ್ಟಡ ಕಟ್ಟುವುದೆಂದು ತೀರ್ಮಾನವಾಯಿತು. ಅಲ್ಲಿಯವರೆಗೆ ನಾನೂ ಅಪ್ಪನೂ ಖರಾಡಿಯಲ್ಲಿ ತಮ್ಮನ ಫ್ಲ್ಯಾಟಿನ ಪಕ್ಕದಲ್ಲೇ ಬಾಡಿಗೆಗೆ ಇರುವುದೆಂದಾಯಿತು. ಅವ್ವ ಹೋಗಿ ಬಹಳ ವರ್ಷಗಳಾಗಿದ್ದವು. ನನ್ನ ಗಂಡ ತೀರಿಕೊಂಡ ಮೇಲೆ ನಾನು ತವರಿಗೇ ಬಂದು, ಅಂಗಡಿಯನ್ನೂ ಅಪ್ಪನನ್ನೂ ನೋಡಿಕೊಂಡಿದ್ದೆ. ಅಪ್ಪನಿಗೆ ಆಗ ತೊಂಬತ್ತರ ಹತ್ತಿರ. ಅಟ್ಟ ಖಾಲಿ ಮಾಡುವಾಗ ಒಂದು ತಗಡಿನ ಟ್ರಂಕು ಇಳಿಯಿತು. ಅದರಲ್ಲಿ ಎರಡೇ ವಸ್ತುಗಳಿದ್ದವು. ಒಂದು, ಪಟಗ ಸುತ್ತಿದ ತರುಣನ ಫೋಟೋ. ಇನ್ನೊಂದು, ಕಂಬಳಿಯ ತುಂಡಿನಲ್ಲಿ ಕಟ್ಟಿದ, ಅಗಲವಾದ ಚರ್ಮದ ಒರೆಯ ಚೂರಿ.

ನಾನು ಎರಡನ್ನೂ ಅಪ್ಪನ ಮುಂದೆ ಇಟ್ಟೆ. ಅಪ್ಪ ಫೋಟೋ ನೋಡಿದರು. ಚೂರಿಯ ಕಡೆ ನೋಡಲಿಲ್ಲ.

"ಅದನ್ನ ಹೊಸ ಮನಿಗೆ ತರಬ್ಯಾಡ. ಮುಠಾ ನದ್ಯಾಗ ಬಿಟ್ಟು ಬಾ. ನಾ ಹೋಗೂಕಿಂತ ಮೊದಲ ಅದು ಹೋಗ್ಲಿ."

"ಯಾರದು ಅಪ್ಪಾ ಅದು?"

ಅಪ್ಪ ಫೋಟೋವನ್ನು ಮಗುಚಿ ಇಟ್ಟರು. ಆಮೇಲೆ, ಅಂಗಡಿಯ ಲೆಕ್ಕ ಹೇಳುವಷ್ಟು ಸಣ್ಣ ದನಿಯಲ್ಲಿ, "ನಮ್ಮಪ್ಪಂದು. ಅವ ಒಬ್ಬ ಮನುಷ್ಯಾನ್ನ ಕೊಂದಾನ," ಎಂದರು.

ಕಥೆ ಇಷ್ಟು. ನಮ್ಮ ಅಜ್ಜ ಬಾಗಲಕೋಟೆಯ ಕಡೆಯವರು. ಮೊದಲ ಮಹಾಯುದ್ಧದಲ್ಲಿ ಸೈನ್ಯದ ಸರಕು ಸಾಗಿಸುವ ಪಡೆಗೆ ಗುಮಾಸ್ತರಾಗಿ ಸೇರಿ, ಇರಾನನ್ನೂ ದಾಟಿ, ಅದರಾಚೆಯ ಮರಳುಗಾಡಿನವರೆಗೆ ಹೋಗಿದ್ದರು. ಯುದ್ಧ ಮುಗಿದು ಮರಳಿದಾಗ ಅವರ ಹಾಸಿಗೆಯ ಸುರುಳಿಯಲ್ಲಿ ಈ ಚೂರಿ ಇತ್ತು. ಅವರ ತಾಯಿ ಅದನ್ನು ಒರೆಯಿಂದ ಎಳೆದು ನೋಡಿದಳು. ಅಲಗಿನ ತುಂಬ ಕಪ್ಪು ಕಲೆ. ಇದು ಯಾರ ರಕ್ತ ಎಂದು ಕೇಳಿದಳು. ಅಜ್ಜ ಉತ್ತರ ಕೊಡಲಿಲ್ಲ. ಎಲ್ಲರ ಮುಂದೆ ಕೂತು ಅತ್ತರು. ಅಷ್ಟೇ. ಆ ಅಳುವನ್ನೇ ತಾಯಿ ಉತ್ತರವೆಂದು ತಿಳಿದಳು, ಮನೆಯವರೆಲ್ಲ ತಿಳಿದರು. ಅಜ್ಜ ಊರು ಬಿಟ್ಟು ಪುಣೆಗೆ ಬಂದು ಬಟ್ಟೆ ಮಾರತೊಡಗಿದರು. ಗುಡಿಗೆ ಹೋದರೂ ಹೊಸ್ತಿಲ ಹೊರಗೇ ನಿಂತು ಕೈಮುಗಿಯುತ್ತಿದ್ದರಂತೆ. ಅಪ್ಪ ಹುಡುಗರಾಗಿದ್ದಾಗ ಅವರ ಅಜ್ಜಿ ಈ ಮಾತನ್ನು ಕಿವಿಯಲ್ಲಿ ಹೇಳಿ, ನೀನು ಪುಣ್ಯದ ಕೆಲಸ ಮಾಡಬೇಕಪ್ಪಾ ಎಂದಿದ್ದಳಂತೆ. ಅಂದಿನಿಂದ ಅಪ್ಪ ಅದನ್ನು ಹೊತ್ತುಕೊಂಡೇ ಬದುಕಿದ್ದರು. ತಂದೆಯ ಫೋಟೋವನ್ನು ಗೋಡೆಗೆ ಹಾಕದೆ ಇದ್ದದ್ದೂ, ಖಂಡೇನವಮಿಯ ದಿನ ಕತ್ತರಿ, ಗಜಕ್ಕೆ ಪೂಜೆಯಾಗುವಾಗ ಅಟ್ಟದ ಕಡೆ ಒಮ್ಮೆ ನೋಡಿ ಕಣ್ಣು ತಗ್ಗಿಸುತ್ತಿದ್ದದ್ದೂ ನನಗೆ ಅಂದು ಅರ್ಥವಾಯಿತು.

ನಾನು ಚೂರಿಯನ್ನು ಎತ್ತಿಕೊಂಡು ರಿಕ್ಷಾ ಹತ್ತಿದೆ. ನದಿಯ ದಾರಿ ಹಿಡಿಯಲಿಲ್ಲ. ಸದಾಶಿವ ಪೇಠೆಯಲ್ಲಿದ್ದ ಬಾಯಿಯವರ ಮನೆಗೆ ಹೋದೆ.

ಅವರಿಗೆ ಆಗ ನಿವೃತ್ತಿಯಾಗಿತ್ತು. ನಾನು ಬಾಗಿಲಲ್ಲೇ ಹೇಳಲು ಶುರು ಮಾಡಿದೆ. "ನಮ್ಮ ಅಜ್ಜ..."

"ಕಥಿ ಆಮ್ಯಾಲೆ. ಮೊದಲ ಚೂರಿ," ಎಂದು ಕೈ ಒಡ್ಡಿದರು.

ಕಿಟಕಿಯ ಬಳಿಯ ಮೇಜಿನ ಮೇಲೆ ನಮ್ಮ ಅಂಗಡಿಯದೇ ಮಾಂಜರಪಾಟ ಹಾಸಿದರು. ಒರೆಯನ್ನು ಬಹಳ ಹೊತ್ತು ತಿರುಗಿಸಿ ನೋಡಿದರು. ಚೂರಿಯನ್ನು ಎಳೆದು ಅಲಗನ್ನು ಬೆಳಕಿಗೆ ಹಿಡಿದರು. ಬೆನ್ನ ಮೇಲೆ ಬೆರಳಾಡಿಸಿದರು. ಹಿಡಿಯನ್ನು ಮುಷ್ಟಿಯಲ್ಲಿ ಹಿಡಿದು, ಮೇಜಿನ ಮೇಲೆ ಏನೋ ಹೆಚ್ಚುವಂತೆ ಮೇಲೆ ಕೆಳಗೆ ಆಡಿಸಿದರು. ಭೂತಗನ್ನಡಿ ಕಣ್ಣಿಗೆ ಹೋಯಿತು. ನನಗೆ ಚಹಾ ಬೇಕೇ ಎಂದೂ ಕೇಳಲಿಲ್ಲ. ಹೊರಗೆ ತರಕಾರಿ ಗಾಡಿಯವನು ಎರಡು ಸಲ ಕೂಗಿ ಹೋದ.

ಕೊನೆಗೆ, "ನೋಡ್ರಿ ಇಲ್ಲೆ," ಎಂದು ನನ್ನನ್ನು ಹತ್ತಿರ ಕರೆದರು.

"ಬಡದಾಡಾಕ ಮಾಡಿದ ಚೂರಿ ಆದ್ರ ಬೆನ್ನಿಗೆ ದಪ್ಪನ ಏಣು ಇರ್ತದ, ಚುಚ್ಚಿದಾಗ ಬಾಗಬಾರದು ಅಂತ. ಮೊನಿ ಸೂಜಿ ಹಂಗ ಇರ್ತದ. ಇದಕ್ಕ ಎರಡೂ ಇಲ್ಲ. ಅಗಲ ಅದ, ತೆಳ್ಳಗ ಅದ. ಈಗ ಹಿಡಿ ನೋಡ್ರಿ. ಅಲಗಿನ ನಡುವಿಗೆ ಕೂಡಿಸಿಲ್ಲ, ಬೆನ್ನಿನ ನೇರಕ್ಕ ಮ್ಯಾಲೆ ಕೂಡಿಸ್ಯಾರ. ಯಾಕ ಹೇಳ್ರಿ?"

ಅವರು ಚೂರಿಯನ್ನು ನನ್ನ ಕೈಗೆ ಕೊಟ್ಟು ಮೇಜಿನ ಮೇಲೆ ಇಡಿಸಿದರು. ಅಲಗು ಮೇಜಿಗೆ ತಾಗಿತ್ತು. ನನ್ನ ಬೆರಳ ಗೆಣ್ಣುಗಳು ತಾಗಿರಲಿಲ್ಲ.

"ಮಣಿ ಮ್ಯಾಲೆ ಇಟ್ಟು ಹೆಚ್ಚುವಾಗ ಕೈಗೆ ಪೆಟ್ಟಾಗಬಾರದು ಅಂತ," ಎಂದೆ.

"ಹಾಂ. ನೀವ ಹೇಳಿದ್ರಿ ಅದನ್ನ, ನಾ ಅಲ್ಲ." ಅವರ ಮುಖದಲ್ಲಿ ಸಂತೋಷ ಕಂಡಿತು. "ಇದು ಅಡಿಗಿ ಮನಿ ಚಾಕು. ಇರಾಣದ ಆಚೆ ಬುಖಾರಾ ಕಡೆದ್ದು, ಇಲ್ಲಾ ಅದರ ಆಸುಪಾಸಿನದು. ಅಲ್ಲೆ ಪಿಚಾಕ್ ಅಂತಾರ. ಪಿಚಾಕ್ ಅಂದ್ರ ಬರೇ ಚಾಕು ಅಂತ, ಬ್ಯಾರೆ ಏನೂ ಅರ್ಥ ಇಲ್ಲ."

ಅಲಗಿನ ಮೇಲೆ ಹಿಡಿಯ ಹತ್ತಿರ ಒಂದು ಚಂದ್ರ, ಪಕ್ಕದಲ್ಲಿ ಚುಕ್ಕೆಯಂಥ ನಕ್ಷತ್ರಗಳನ್ನು ಕೊರೆದು ಹಿತ್ತಾಳೆ ತುಂಬಿದ್ದರು. ಅಲ್ಲಿಯ ಕಮ್ಮಾರರು ಹಾಕುವ ಮುದ್ರೆ ಅದು ಎಂದರು. ಹಿಡಿಯ ಬುಡದ ತವರದ ಪಟ್ಟಿಯಲ್ಲಿ ಸಣ್ಣ ಕಪ್ಪೆಚಿಪ್ಪಿನ ಹರಳುಗಳಿದ್ದವು. ನೂರು ವರ್ಷಕ್ಕಿಂತ ಹಳೆಯದಿರಬಹುದು, ಎಷ್ಟು ಹಳೆಯದೆಂದು ಮಾತ್ರ ಹೇಳಲಾರೆ ಎಂದರು.

ನಾನು ಕೇಳಬೇಕಾದದ್ದನ್ನು ಕೇಳಿದೆ. "ಈ ಕಲೆ, ಬಾಯಿ?"

ಅವರು ಎದ್ದು ಅಡುಗೆಮನೆಗೆ ಹೋದರು. ಡಬ್ಬಿಗಳ ಸದ್ದಾಯಿತು. ಮರಳಿ ಬಂದಾಗ ಅವರ ಕೈಯಲ್ಲಿ ಇನ್ನೊಂದು ಚಾಕು ಇತ್ತು. ಅದೇ ಅಗಲ, ಅದೇ ಎತ್ತರಕ್ಕೆ ಕೂಡಿಸಿದ ಹಿಡಿ, ಅದೇ ಚಂದ್ರ. ಅಲಗಿಗೆ ಹಸಿಮೆಣಸಿನಕಾಯಿಯ ಬೀಜ ಅಂಟಿತ್ತು. ಸೆರಗಿನಿಂದ ಒರೆಸಿ, ನಮ್ಮ ಚೂರಿಯ ಪಕ್ಕ ಇಟ್ಟರು. ಅದರ ಮೇಲೂ ಕಪ್ಪು ನೀಲಿಯ ಅವೇ ಮೋಡದಂಥ ಕಲೆಗಳು.

"ಇದು ನನ್ನ ಚಾಕು. ಹರೇದಾಗ ಅಲ್ಲೆ ಓದಾಕ ಹೋಗಿದ್ದೆ, ಬುಖಾರಾದ ಪ್ಯಾಟ್ಯಾಗ ಕೊಂಡದ್ದು. ದಿನಾ ಇದ್ರಲೇ ಪಲ್ಯ ಹೆಚ್ಚತೀನಿ. ನಿಂಬಿಹಣ್ಣು, ಉಳ್ಳಾಗಡ್ಡಿ, ಹುಳಿ ಹಣ್ಣು ಹೆಚ್ಚಿದ್ರ ಈ ಕಬ್ಬಿಣ ಹಿಂಗ ಕಪ್ಪಾಗ್ತದ. ನಿಮ್ಮದರ ನಡುವ ಅಲಗಿನ ಬಾಯಿ ಸವದು ತಗ್ಗಾಗೇದ, ನೋಡ್ರಿ. ವರ್ಷಗಟ್ಟಲೆ ಮಸದು ಮಸದು ಯಾರೋ ಮನಿಯಾಗ ಬಳಸ್ಯಾರ."

ಅವರು ಅಲ್ಲಿ ಇಳಿದುಕೊಂಡಿದ್ದ ಮನೆಯ ಅಜ್ಜಿಯ ವಿಷಯ ಹೇಳಿದರು. ಆ ಅಜ್ಜಿ ಅಡುಗೆ ಮುಗಿಸಿ, ಚಾಕುವನ್ನು ತೊಳೆದು ಒರೆಗೆ ಹಾಕಿ, ಮೊಮ್ಮಗನ ತೊಟ್ಟಿಲಲ್ಲಿ ದಿಂಬಿನ ಕೆಳಗೆ ಇಡುತ್ತಿದ್ದಳಂತೆ, ಕೂಸಿಗೆ ದೃಷ್ಟಿ ತಾಗಬಾರದೆಂದು. "ನಮ್ಮ ಧಾರವಾಡದಾಗ ಬಾಣಂತಿ ಹೊರಸಿನ ಕೆಳಗ ಕುಡಗೋಲು ಇಡ್ತಿದ್ರಲ್ಲ, ಹಂಗ. ನನಗ ಅವತ್ತು ನಮ್ಮವ್ವನ ನೆನಪಾಗಿ ಅಳು ಬಂದಿತ್ತು," ಎಂದರು.

ಆಗ ನಾನು ಅಜ್ಜನ ಕಥೆಯನ್ನು ಪೂರ್ತಿ ಹೇಳಿದೆ. ಹೇಳಿ, ಕೈ ಹಿಡಿದು ಕೇಳಿಕೊಂಡೆ. "ಬಾಯಿ, ಅಪ್ಪನ ಮುಂದ ಬಂದು ಒಂದ ಮಾತು ಹೇಳ್ರಿ. ಇದ್ರಿಂದ ಕೊಲಿ ಆಗಿಲ್ಲ ಅಂತ. ನೀವು ಹೇಳಿದ್ರ ನಂಬ್ತಾರ."

ಅವರು ಕೈ ಬಿಡಿಸಿಕೊಳ್ಳಲಿಲ್ಲ. ಆದರೆ ಒಪ್ಪಲೂ ಇಲ್ಲ.

"ಅಡಿಗಿ ಚಾಕುಲೆ ಕೊಲಿ ಆಗೂದಿಲ್ಲ ಅಂತ ಹೆಂಗ ಹೇಳ್ಲಿ? ಚಾಕು ಎದಕ್ಕ ಮಾಡಿದ್ದು ಅಂತ ನನಗ ಗೊತ್ತು. ಎದಕ್ಕ ಬಳಸಿದ್ದು ಅಂತ ಸ್ವಲ್ಪ ಗೊತ್ತು. ಹಿಡದ ಮನುಷ್ಯಾ ಒಂದು ದಿನ ಏನು ಮಾಡಿದ ಅಂತ ಕಬ್ಬಿಣ ಹೇಳೂದಿಲ್ಲ."

"ಅವರಿಗೆ ವಯಸ್ಸಾಗೇದ. ಇನ್ನೆಷ್ಟು ದಿನ ಅಂತ..."

"ಅದಕ್ಕ ಸುಳ್ಳು ಬ್ಯಾಡ. ಜೀವಮಾನ ಬಟ್ಟಿ ಅಂಗಡ್ಯಾಗ ಕೂತ ಮನುಷ್ಯಾ. ಮಾತಿನಾಗ ಗಂಜಿ ಹಾಕಿದ್ರ ಅವರಿಗೆ ಗೊತ್ತಾಗೂದಿಲ್ಲೇನು?" ಸ್ವಲ್ಪ ಯೋಚಿಸಿ, "ನಾ ಬರ್ತೀನಿ. ನಾ ನೋಡಿದ್ದನ್ನ ತೋರಿಸ್ತೀನಿ. ಉಳದದ್ದು ಅವರಿಗೆ ಬಿಟ್ಟದ್ದು. ಈಗ ಕರಬೂಜ ಬಂದಾವಲ್ಲ ಪ್ಯಾಟಿಗೆ?" ಎಂದರು.

ಬೇಸಿಗೆಯ ದಿನಗಳು. ದೌಂಡಿನ ಕಡೆಯಿಂದ ಭೀಮೆಯ ಮರಳಿನಲ್ಲಿ ಬೆಳೆದ ಕರಬೂಜಗಳು ಮಂಡಿಗೆ ಬರುತ್ತಿದ್ದವು. ಮರುದಿನ ಬೆಳಿಗ್ಗೆ ಬಾಯಿಯವರು ಒಂದು ದೊಡ್ಡ ಕರಬೂಜವನ್ನು ಕಂಕುಳಲ್ಲಿ ಇಟ್ಟುಕೊಂಡು ನಮ್ಮ ವಾಡೆಯ ಮೆಟ್ಟಿಲು ಹತ್ತಿದರು. ಮನೆಯ ತುಂಬ ಗಂಟುಗಳು. ಅಪ್ಪ ಸುತ್ತಿಟ್ಟ ಹಾಸಿಗೆಯ ಮೇಲೆ ಕೂತಿದ್ದರು. ಚೂರಿ ನದಿಗೆ ಹೋಗಿಲ್ಲ ಎಂದು ಹಿಂದಿನ ದಿನವೇ ಅವರಿಗೆ ಹೇಳಿದ್ದೆ. ಬಾಯಿಯವರು ಬರುತ್ತಾರೆಂದಾಗ ಅಪ್ಪ ಬೈಯಲಿಲ್ಲ, ಬರಲಿ ಎಂದೂ ಅನ್ನಲಿಲ್ಲ.

ಬಾಯಿಯವರು ಸಮಾಧಾನದ ಮಾತು ಒಂದೂ ಆಡಲಿಲ್ಲ. ನೆಲದ ಮೇಲೆ ಕೂತು ಬಟ್ಟೆ ಹಾಸಿ ಎರಡೂ ಚಾಕುಗಳನ್ನು ಇಟ್ಟರು. ನನಗೆ ಹೇಳಿದ್ದನ್ನೇ ಅಪ್ಪನಿಗೂ ಹೇಳಿದರು. ಬೆನ್ನು, ಹಿಡಿ, ಸವೆದ ಬಾಯಿ, ಕಲೆ. ಅಪ್ಪ ತಲೆ ತಗ್ಗಿಸಿಕೊಂಡು ಕೇಳಿದರು. ಅಡುಗೆಯ ಚಾಕು ಎಂದಾಗಲೂ ಅವರ ಮುಖ ಸಡಿಲಾಗಲಿಲ್ಲ.

"ಕೊಲ್ಲಾವ್ಗ ಯಾವ ಚಾಕು ಆದ್ರೇನ್ರಿ ಬಾಯಿ," ಎಂದರು.

"ಖರೇ ಅದ," ಎಂದರು ಬಾಯಿಯವರು. ನನಗೆ ಆ ಕ್ಷಣ ಅವರ ಮೇಲೆ ಸಿಟ್ಟು ಬಂತು. "ನಿಮ್ಮ ತಂದಿ ಚಾಕು ನಾ ಬಳಸೂದಿಲ್ಲ. ನನ್ನ ಚಾಕುಲೆ ಹೆಚ್ಚತೀನಿ. ಅಲ್ಲೆ ಮನಿಗೆ ಮಂದಿ ಬಂದ್ರ ಏನು ಮಾಡ್ತಾರ, ಬರೇ ನೋಡ್ರಿ."

ಕರಬೂಜವನ್ನು ಎಡ ಅಂಗೈಯಲ್ಲಿ ಇಟ್ಟುಕೊಂಡರು. ಚಾಕುವನ್ನು ತಮ್ಮ ಕಡೆಗೇ ಎಳೆದು ಉದ್ದನೆಯ ಹೋಳು ತೆಗೆದರು. ಬೀಜ ಕೆರೆದರು. ನಾವು ಹೆಚ್ಚುವಂತೆ ಸಿಪ್ಪೆ ತೆಗೆದು ಚೂರು ಮಾಡಲಿಲ್ಲ. ಸಿಪ್ಪೆಗೂ ತಿರುಳಿಗೂ ನಡುವೆ ಅಲಗನ್ನು ಒಂದು ತುದಿಯಿಂದ ಇನ್ನೊಂದು ತುದಿಗೆ ಹಾಯಿಸಿ, ತಿರುಳನ್ನು ಸಿಪ್ಪೆಯ ಮೇಲೇ ಬಿಟ್ಟರು. ಅಡ್ಡಡ್ಡ ಕೊಯ್ದರು. ಆಮೇಲೆ ಬೆರಳ ತುದಿಯಿಂದ ಒಂದು ತುಂಡನ್ನು ಎಡಕ್ಕೆ, ಮುಂದಿನದನ್ನು ಬಲಕ್ಕೆ, ಮತ್ತೊಂದನ್ನು ಎಡಕ್ಕೆ ಸರಿಸಿದರು. ಎರಡೂ ಕಡೆ ಹುಟ್ಟು ಚಾಚಿದ ದೋಣಿಯ ಹಾಗೆ ಕಂಡಿತು. ಅದನ್ನು ಅಪ್ಪನ ಮುಂದಿಟ್ಟು, ಚಾಕುವಿನ ಬಾಯಿಯನ್ನು ತಮ್ಮ ಕಡೆ ತಿರುಗಿಸಿ ಕೆಳಗಿಟ್ಟರು.

"ಮಂದಿ ಕಡೆ ಚಾಕುವಿನ ಬಾಯಿ ಮಾಡಬಾರದು ಅಂತಾರ," ಎಂದರು.

ಅಪ್ಪ ತಲೆಯೆತ್ತಿದ್ದರು. ಅವರ ಬಾಯಿ ಸ್ವಲ್ಪ ತೆರೆದಿತ್ತು.

"ಇನ್ನೊಮ್ಮೆ ಮಾಡ್ರಿ," ಎಂದರು.

ಬಾಯಿಯವರು ಇನ್ನೊಂದು ಹೋಳು ತೆಗೆದು ಮೊದಲಿನ ಹಾಗೇ ಮಾಡತೊಡಗಿದರು. ಅವರು ತುಂಡುಗಳನ್ನು ಸರಿಸುವ ಮುಂಚೆಯೇ ಅಪ್ಪ ಹಾಸಿಗೆಯಿಂದ ಇಳಿದು ನೆಲಕ್ಕೆ ಬಂದರು. "ಕೊಡ್ರಿ ಇಲ್ಲೆ." ಹೋಳನ್ನು ತಮ್ಮ ಅಂಗೈಗೆ ತೆಗೆದುಕೊಂಡು, ಬೆರಳ ತುದಿಯಿಂದ ಒಂದನ್ನು ಎಡಕ್ಕೆ, ಒಂದನ್ನು ಬಲಕ್ಕೆ ಸರಿಸಿದರು.

"ನಮ್ಮಪ್ಪ ಹಿಂಗ ಹೆಚ್ಚತಿದ್ದ," ಎಂದರು. "ಬ್ಯಾಸಿಗ್ಯಾಗ ಕರಬೂಜ ಬಂತಂದ್ರ ಯಾರಿಗೂ ಮುಟ್ಟಾಕ ಬಿಡ್ತಿದ್ದಿಲ್ಲ. ತಾನ ಹೆಚ್ಚಾವ. ನಾವು ಹುಡುಗರು ದೋಣಿ ದೋಣಿ ಅಂತ ಕುಣೀತಿದ್ವಿ. ಮೊದಲನೇ ದೋಣಿ ನಮಗ ಕೊಡ್ತಿದ್ದಿಲ್ಲ. ಹೊರಗ ಕಟ್ಟಿ ಮ್ಯಾಲೆ ಯಾರು ಕೂತಿರ್ತಾರ ಅವರಿಗೆ ಕೊಟ್ಟು ಬರ್ತಿದ್ದ. ಹಮಾಲ ಇರ್ಲಿ, ಭಿಕ್ಷದಾವ ಇರ್ಲಿ. ಪುಣೇದಾಗ ಯಾರೂ ಹಿಂಗ ಹೆಚ್ಚೂದಿಲ್ಲ, ನೀ ಎಲ್ಲೆ ಕಲತಿ ಅಂದ್ರ ನಗ್ತಿದ್ದ. ಅವ ನಕ್ಕದ್ದು ಅದೊಂದ ಹೊತ್ತಿಗೆ."

ಅಪ್ಪ ಮೊದಲ ಸಲ ತಮ್ಮ ತಂದೆಯ ಚಾಕುವನ್ನು ಕೈಗೆ ತೆಗೆದುಕೊಂಡರು. ತೂಗಿ ನೋಡಿದರು.

"ಚಾಕು ಸತ್ತವನ ಸೊಂಟದಿಂದ ಬಿಚ್ಚಿಕೊಂಡು ಬರಬಹುದು. ಹೆಚ್ಚೂದನ್ನ ಹೆಂಗ ಬಿಚ್ಚಿಕೊಂಡು ಬರಾಕ ಬರ್ತದ? ಯಾರೋ ಕುಂಡ್ರಿಸಿ ಕಲಿಸಿರಬೇಕಲ್ರಿ, ಬಾಯಿ?"

"ಅದನ್ನ ನೀವು ಹೇಳಬಹುದು," ಎಂದರು ಬಾಯಿಯವರು. "ನಿಮ್ಮ ತಂದಿ ಕೈ ನೀವು ನೋಡೀರಿ. ನಾ ನೋಡಿಲ್ಲ."

"ಹಂಗಾದ್ರ ಅವತ್ತು ಯಾಕ ಅತ್ತ?"

ನಾನು ಬಾಯಿಯವರ ಮುಖವನ್ನೇ ನೋಡುತ್ತಿದ್ದೆ. ಈಗಲಾದರೂ ಏನಾದರೂ ಹೇಳಲಿ ಎಂದು ಬೇಡಿಕೊಳ್ಳುತ್ತಿದ್ದೆ. ಕೊಟ್ಟವರು ಸತ್ತಿರಬೇಕು, ಅವರ ಊರು ಸುಟ್ಟಿರಬೇಕು, ಅದಕ್ಕೆ ಅತ್ತಿರಬೇಕು. ಏನೂ ಹೇಳಬಹುದಿತ್ತು.

"ಗೊತ್ತಿಲ್ರಿ," ಎಂದರು.

ಅಪ್ಪ ತಲೆಯಾಡಿಸಿದರು. ಕರಬೂಜದ ಒಂದು ತುಂಡು ಬಾಯಿಗೆ ಹಾಕಿಕೊಂಡು ನಿಧಾನವಾಗಿ ತಿಂದರು. ಕಣ್ಣಿನಿಂದ ನೀರು ಇಳಿಯುತ್ತಿತ್ತು, ಒರೆಸಿಕೊಳ್ಳಲಿಲ್ಲ.

"ಗೊತ್ತಿಲ್ಲ ಅನ್ನೂದ ಚಲೋ ಆತು ನೋಡ್ರಿ. ಇಷ್ಟು ವರ್ಷ ನಾ ಗೊತ್ತದ ಅಂತ ತಿಳಕೊಂಡಿದ್ದೆ."

ಚಾಕು ನಮ್ಮೊಂದಿಗೆ ಖರಾಡಿಗೆ ಬಂತು. ಅಜ್ಜನ ಫೋಟೋಕ್ಕೆ ಅಪ್ಪ ಹೊಸ ಚೌಕಟ್ಟು ಹಾಕಿಸಿ ನಡುಮನೆಯಲ್ಲಿ ತಾವು ಕೂರುವ ಕುರ್ಚಿಯ ಎದುರಿಗೇ ತೂಗುಹಾಕಿಸಿದರು. ಆ ವರ್ಷದ ಖಂಡೇನವಮಿಗೆ ಕತ್ತರಿ, ಗಜಗಳ ನಡುವೆ ಚಾಕುವಿಗೂ ಕುಂಕುಮ ಬಿತ್ತು. ಅದಕ್ಕಿಂತ ಹೆಚ್ಚಿನದು ಅಪ್ಪನ ಬಾಯಿ ತೆರೆದದ್ದು. ಅಲ್ಲಿಯವರೆಗೆ ಅಜ್ಜನ ಬಗ್ಗೆ ನಮಗೆ ಏನೂ ಗೊತ್ತಿರಲಿಲ್ಲ. ಅಪ್ಪ ಒಂದೊಂದಾಗಿ ಹೇಳತೊಡಗಿದರು. ಅಜ್ಜ ಸೀಟಿ ಹಾಕುತ್ತ ಬಟ್ಟೆ ಮಡಿಸುತ್ತಿದ್ದದ್ದು, ಒಂಟೆ ಮಲಗುವ ರೀತಿಯನ್ನು ನೆಲದ ಮೇಲೆ ಮಾಡಿ ತೋರಿಸುತ್ತಿದ್ದದ್ದು, ಕುರುಕುಂಭದ ದೇವಿಯ ಗುಡಿಗೆ ಅಪ್ಪನನ್ನು ಹೆಗಲ ಮೇಲೆ ಹೊತ್ತು ಹೋದದ್ದು. ಒಬ್ಬ ಮನುಷ್ಯ ಎಷ್ಟೋ ದಶಕಗಳ ಮೇಲೆ ನಮ್ಮ ಮನೆಗೆ ಬಂದು ಸೇರಿಕೊಂಡ ಹಾಗಾಯಿತು. ಅಪ್ಪ ಇನ್ನೊಂದು ಬೇಸಿಗೆಯನ್ನು ನೋಡಿದರು, ಆ ಬೇಸಿಗೆಯಲ್ಲಿ ತಾವೇ ಕರಬೂಜ ಹೆಚ್ಚಿದರು. ಮಳೆಗಾಲದಲ್ಲಿ ಒಂದು ಮಧ್ಯಾಹ್ನ ಊಟ ಮಾಡಿ ಮಲಗಿದವರು ಏಳಲಿಲ್ಲ.

ಅಂದು ಬಾಯಿಯವರು ನನ್ನ ಮಾತು ಕೇಳಿ ಸುಳ್ಳು ಹೇಳಿದ್ದರೆ ಇದೊಂದೂ ಆಗುತ್ತಿರಲಿಲ್ಲ. ಅಪ್ಪ ಹೂಂ ಎಂದು ಕೈಮುಗಿದು, ಅವರು ಹೋದ ಮೇಲೆ ಮತ್ತೆ ನದಿಯ ಮಾತನ್ನೇ ಎತ್ತುತ್ತಿದ್ದರು. ನನಗೆ ಬಂದ ಸಿಟ್ಟಿನ ವಿಷಯವನ್ನು ಬಾಯಿಯವರಿಗೇ ಒಮ್ಮೆ ಹೇಳಿದೆ. "ನನಗೂ ನನ್ನ ಮ್ಯಾಲೆ ಸಿಟ್ಟು ಬಂದಿತ್ತು. ಹೇಳಿಬಿಡ್ಲೇನು ಅನಿಸಿತ್ತು," ಎಂದು ಶೇಂಗಾ ಸುಲಿದು ನನ್ನ ಕೈಗೆ ಹಾಕಿದರು.

ಕೊನೆಯ ಒಂದೆರಡು ವರ್ಷ ಅವರಿಗೆ ಕಣ್ಣು ಹೋಯಿತು. ಸಕ್ಕರೆ ಕಾಯಿಲೆ. ಜೀವನವಿಡೀ ನೋಡುವುದನ್ನೇ ಕೆಲಸ ಮಾಡಿಕೊಂಡವರಿಗೆ ಹೀಗಾಯಿತಲ್ಲ ಎಂದು ನಾವೆಲ್ಲ ಮರುಗಿದೆವು. ಅವರು ಮಾತ್ರ, ಬೆರಳುಗಳಿಗೆ ಇಷ್ಟು ದಿನ ಕೆಲಸ ಕಡಿಮೆ ಬಿದ್ದಿತ್ತು, ಈಗ ಅವೂ ದುಡಿಯಲಿ ಎನ್ನುತ್ತಿದ್ದರು. ಹಳೆಯ ವಿದ್ಯಾರ್ಥಿಗಳು ಏನಾದರೂ ತಂದು ಕೈಗಿಟ್ಟರೆ ಮುಟ್ಟಿ ಮುಟ್ಟಿ ಹೇಳುತ್ತಿದ್ದರು. ಗೊತ್ತಾಗದಿದ್ದರೆ ಗೊತ್ತಿಲ್ಲ ಎಂದು ಮರಳಿಸುತ್ತಿದ್ದರು.

ತೀರಿಕೊಳ್ಳುವ ಸ್ವಲ್ಪ ದಿನ ಮೊದಲು ನೋಡಲು ಹೋಗಿದ್ದೆ. ಆಷಾಢದ ದಿನ, ಕಾಲ್ನಡಿಗೆಯ ಯಾತ್ರೆಗೆ ಹೊರಟ ವಾರಕರಿಗಳ ಪಾಲಖಿ ಊರು ಬಿಟ್ಟು ಸಾಸವಡ ದಾಟಿತ್ತು, ದಾರಿಯಲ್ಲಿ ಜನ ಕಡಿಮೆ. ಅವರು ಕಿಟಕಿಯ ಬಳಿ ಆರಾಮ ಕುರ್ಚಿಯಲ್ಲಿ ಕೂತಿದ್ದರು. ನಾನು ಅಂದು ಹೇಳಬೇಕೆಂದು ಬಹಳ ಮಾತು ಕಟ್ಟಿಕೊಂಡು ಹೋಗಿದ್ದೆ. ಅಪ್ಪನಿಗೆ ನೀವು ಏನು ಕೊಟ್ಟಿರಿ ಗೊತ್ತೇ ಎಂದು ಶುರು ಮಾಡಿದೆ.

"ಏನೂ ಕೊಟ್ಟಿಲ್ಲ, ಇದ್ದದ್ದು ಹೇಳಿದೆ. ಕೈ ಕೊಡ್ರಿ ಇಲ್ಲೆ," ಎಂದರು.

ನನ್ನ ಬಲಗೈಯನ್ನು ತಮ್ಮ ತೊಡೆಯ ಮೇಲಿಟ್ಟುಕೊಂಡು ಬೆರಳಾಡಿಸತೊಡಗಿದರು. ಹೆಬ್ಬೆರಳ ಗೆಣ್ಣಿನ ಮೇಲೆ ನಿಂತರು. ಅಲ್ಲಿ ಒಂದು ಗಂಟು ಇದೆ, ಎಷ್ಟೋ ವರ್ಷಗಳಿಂದ.

"ಇದು ಕತ್ತರಿದು," ಎಂದರು. ಮುಂದೆ ಸರಿದು ತೋರುಬೆರಳ ಬದಿಯನ್ನು ಮುಟ್ಟಿದರು. "ಇಲ್ಲೆ ಬಟ್ಟಿ ಹರದು ಹರದು ಚರ್ಮ ಬಿರುಸಾಗೇದ. ಉಂಗುರ ಇದ್ದ ಜಾಗ ಇದು, ತಗ್ಗು ಇನ್ನೂ ಹೋಗಿಲ್ಲ. ಕಿರಿಬೆರಳು ಒಮ್ಮೆ ಮುರದಿತ್ತು, ಯಾರಿಗೂ ತೋರಿಸಿಲ್ಲ ನೀವು, ಹಂಗ ಕೂಡೇದ." ಅಂಗೈಯನ್ನು ಮೇಲೆ ಮಾಡಿ ಸವರಿ, "ಭಾಳ ದುಡದ ಕೈ," ಎಂದರು.

ನನ್ನ ಕಿರುಬೆರಳು ಮುರಿದದ್ದು ಗಂಡ ತೀರಿಕೊಂಡ ವರ್ಷ, ಅಂಗಡಿಯ ಶಟರು ಬಿದ್ದು. ಆ ಗಡಿಬಿಡಿಯಲ್ಲಿ ಮನೆಯಲ್ಲಿ ಯಾರಿಗೂ ಗೊತ್ತಾಗಿರಲಿಲ್ಲ, ನಾನೂ ಮರೆತಿದ್ದೆ.

"ಇನ್ನೊಂದು ಕೈ ಕೊಡ್ರಿ," ಎಂದರು ಬಾಯಿಯವರು.

ಕೊಟ್ಟೆ.